ಪರಮೇಶಪ್ಪನ ಸಡಿಲ ಕೇಬಲ್ಲು

ಅಕ್ಕಿಆಲೂರಿನ ಪರಮೇಶಪ್ಪನಿಗೆ ಆ ರವಿವಾರ ಒದಗಿದ ಫಜೀತಿಗೆಲ್ಲ ಕಾರಣ ಒಂದು ಅಳಿಲು. ಪೂರ್ತಿ ಅಳಿಲನ್ನು ದೂರುವುದೂ ತಪ್ಪೇ; ಅದರ ಮುಂದಿನ ಎರಡು ಹಲ್ಲು ಅಂದರೆ ಸಾಕು.

ಮುಂಜಾನೆ ಚಹಾದ ಕಪ್ಪು ಹಿಡಿದು ಮಾಳಿಗೆ ಹತ್ತಿದವನು ವಾಡಿಕೆಯಂತೆ ತನ್ನ ರೇಡಿಯೋ ಕಂಬದ ತುದಿ ನೋಡಿದ. ಅಲ್ಲಿ ಕರಿ ಕೇಬಲ್ಲಿನ ಸಿಪ್ಪೆ ಗೇಣುದ್ದ ಸುಲಿದುಹೋಗಿ, ಒಳಗಿನ ತಾಮ್ರದ ಜಾಳಿಗೆ ಎಳೆಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಪಕ್ಕದ ಅಲ್ಯುಮಿನಿಯಂ ಕೋಲಿನ ಮೇಲೆ ಅಳಿಲು ಕೂತು, ಮದುವೆ ಊಟ ಮುಗಿಸಿದ ಹಿರಿಯರಂತೆ ಮೀಸೆ ಒರೆಸಿಕೊಳ್ಳುತ್ತಿತ್ತು.

"ಲೇ ಹಲ್ಕಟ್, ನಿನಗ ಇವತ್ತ ಹಸಿವಾಗಬೇಕಿತ್ತೇನ?" ಎಂದ ಪರಮೇಶಪ್ಪ. ಕೈಯಲ್ಲಿದ್ದ ಚಹಾ ಅಲ್ಲೇ ಆರಿತು.

ಅವನು 'ಇವತ್ತ' ಎಂಬುದನ್ನು ಒತ್ತಿ ಹೇಳಿದ್ದಕ್ಕೆ ಕಾರಣ ಇತ್ತು. ಪರಮೇಶಪ್ಪ ಹೊಟ್ಟೆಪಾಡಿಗೆ ಊರಿನ ಅಕ್ಕಿ ಮಿಲ್ಲುಗಳ ಮೋಟಾರು ರಿಪೇರಿ ಮಾಡುವವನು. ಅವನ ಜೀವ ಇದ್ದದ್ದು ಮಾತ್ರ ಹ್ಯಾಮ್ ರೇಡಿಯೋದಲ್ಲಿ. ಸರಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸು ಪಡೆದು, ಮನೆಯಲ್ಲೇ ಕೂತು ದೇಶದೇಶದ ಹುಚ್ಚರ ಜೊತೆ ಮಾತಾಡುವ ಹುಚ್ಚು ಅದು. "ಮೊಬೈಲ್‌ನ್ಯಾಗ ಮಾತಾಡಾಕ ಬರೂದಿಲ್ಲೇನ್ರಿ?" ಎಂದು ಯಾರಾದರೂ ಕೇಳಿದರೆ ಅವನಿಗೆ ಮೈ ಉರಿಯುತ್ತಿತ್ತು. ಮೊಬೈಲಿನ ನಡುವೆ ಹತ್ತು ಕಂಪನಿ, ನೂರು ಟವರು. ಇದರಲ್ಲಿ ಇಲ್ಲಿ ಇವನ ತಂತಿ, ಅಲ್ಲಿ ಅವನ ತಂತಿ, ನಡುವೆ ಬರೀ ಆಕಾಶ. ಹಾಗೆ ಹದಿನಾಲ್ಕು ವರ್ಷದಲ್ಲಿ ತೊಂಬತ್ತೊಂಬತ್ತು ದೇಶಗಳನ್ನು ಮಾತಾಡಿಸಿದ್ದ. ಒಂದೊಂದು ದೇಶದಿಂದ ಬಂದ ಕಾರ್ಡನ್ನೂ ಗೋಡೆಗೆ ಅಂಟಿಸಿದ್ದ. ಕೊನೆಯ ಸಾಲಿನಲ್ಲಿ ಒಂದು ಕಾರ್ಡಿನಷ್ಟು ಜಾಗ ಎರಡು ವರ್ಷದಿಂದ ಖಾಲಿ ಇತ್ತು.

ಆ ಜಾಗ ತುಂಬುವ ಸುದ್ದಿ ಹಿಂದಿನ ರಾತ್ರಿ ಸವಣೂರಿನ ಗೆಳೆಯ ಕನಕಪ್ಪನ ಫೋನಿನಲ್ಲಿ ಬಂದಿತ್ತು. ಕನಕಪ್ಪನೂ ಇದೇ ಹುಚ್ಚಿನವನು. ಇವರ ಲೆಕ್ಕದಲ್ಲಿ ದೂರದ ನಡುಗಡ್ಡೆಯೂ ಒಂದು ದೇಶವೇ. "ಪೆಸಿಫಿಕ್ ಸಮುದ್ರದಾಗ ಒಂದ ಸಣ್ಣ ನಡುಗಡ್ಡಿ ಐತೆಲ್ಲ, ಅಲ್ಲಿಗೆ ನಾಕು ಮಂದಿ ರೇಡಿಯೋ ಸೆಟ್ ಹೊತಗೊಂಡು ಹೋಗ್ಯಾರ. ನಾ ಇವತ್ತ ಸಂಜೀಕ ಹಿಡದೆ. ನಾಳೆ ಕಡೇ ದಿನ. ಹೊತ್ತು ಮುಳುಗೂ ಮುಂದ ಇಪ್ಪತ್ತ ನಿಮಿಷ ಕೇಳಸ್ತಾರ, ಅಷ್ಟ. ದಕ್ಷಿಣಕ್ಕ ತಿರಗಸ್ಕೊಂಡು ಕುಂದರು. ತಪ್ಪಿಸಿಕೊಂಡ್ರ ಇನ್ನ ಹತ್ತ ವರ್ಷ ಅಲ್ಲಿಗೆ ಯಾರೂ ಹೋಗಂಗಿಲ್ಲ."

ದಕ್ಷಿಣಕ್ಕೆ ತಿರುಗಿಸುವುದು ಅಂದರೆ ಮಾಳಿಗೆಯ ಆಂಟೆನಾವನ್ನು. ಒಂದು ಉದ್ದನೆಯ ಕೊಳವೆ, ಅದಕ್ಕೆ ಅಡ್ಡಡ್ಡ ಮೂರು ಅಲ್ಯುಮಿನಿಯಂ ಕೋಲು, ಕೊಳವೆಯನ್ನು ಕಂಬಕ್ಕೆ ಕೂಡಿಸಿದಲ್ಲಿ ತಿರುಗಿಸುವ ಒಂದು ಮೋಟಾರು. ಕೆಳಗಿನ ಕೋಣೆಯಲ್ಲಿ ಗುಂಡಿ ಒತ್ತಿದರೆ ಕಂಬದ ತುದಿಯಲ್ಲಿ ಅದು ಗಿರ್ರನೆ ತಿರುಗುತ್ತಿತ್ತು. ಯಾವ ಕಡೆ ಮುಖ ಮಾಡುತ್ತದೋ ಆ ಕಡೆಯ ಮಾತು ಚೆನ್ನಾಗಿ ಕೇಳುತ್ತದೆ. ಮುಖ ಎತ್ತ ಇದ್ದರೂ ಆ ಮಾತು ಕೆಳಗೆ ಇಳಿಯಬೇಕಾದದ್ದು ಮಾತ್ರ ಅಳಿಲು ತಿಂದ ಆ ಕೇಬಲ್ಲಿನಲ್ಲೇ.

ಪರಮೇಶಪ್ಪ ತಲೆ ಮೇಲೆ ಕೈ ಹೊತ್ತು ನಿಂತಿರುವಾಗಲೇ ಸುಶೀಲವ್ವ ಮೆಟ್ಟಿಲು ಹತ್ತಿ ಬಂದರು. ಮನೆ ಸುಶೀಲವ್ವನದು. ಮುಂದಿನ ಪಡಸಾಲೆಯಲ್ಲಿ ಅವರು, ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗೆ ಪರಮೇಶಪ್ಪ ಮತ್ತು ಅವನ ಹೆಂಡತಿ ನಾಗರತ್ನಾ. ಮಾಳಿಗೆ ಪೂರಾ ಸುಶೀಲವ್ವನದೇ. ಅರವತ್ತೆಂಟು ವರ್ಷದ ಆ ಹಿರಿಯಾಕೆ ಒಂದು ಸಲ ಆಡಿದ ಮಾತನ್ನು ಇನ್ನೊಂದು ಸಲ ಆಡಿದ್ದನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

"ಪರಮೇಶಪ್ಪ, ನೀ ಏನ್ ಹೇಳಿದ್ದಿ ನನಗ? ಎರಡ ತಿಂಗಳದಾಗ ನೂರು ಮುಗಸ್ತೇನಿ, ಆಮ್ಯಾಲ ಕಂಬದ ಮಾತು ಆಡೂಣು ಅಂದಿದ್ದಿ. ಎರಡ ವರ್ಷ ಆತು. ನನಗ ಇಲ್ಲೆ ನೀರಿನ ಟಾಕಿ ಇಡಸೂದೈತಿ."

"ಇವತ್ತ ಆಗತೈತ್ರಿ ಅವ್ವಾರ. ಸಂಜೀಕ ಖರೇನ ಆಗತೈತಿ."

"ಆದ್ರ ಛಲೋ. ದೀಪ ಹಚ್ಚೂದ್ರಾಗ ನಿನ್ನ ನೂರು ಆತೋ, ಕಂಬ ಇರಲಿ, ನಾ ಮಾತಾಡಂಗಿಲ್ಲ. ಆಗಲಿಲ್ಲೋ, ನಾಳೆ ಮುಂಜಾನಿ ಕಂಬ ಕೆಳಗ. ಆತಿಲ್ಲ?"

"ಆತ್ರಿ," ಎಂದ ಪರಮೇಶಪ್ಪ. ಬೇರೆ ಏನು ಹೇಳಲು ಸಾಧ್ಯ ಇತ್ತು?

ಒಂದರೊಳಗೊಂದು ಕೂಡುವ ಆರು ಕೊಳವೆಯ ಆ ಕಂಬವನ್ನು ಕೈಗಿರಕಿ ತಿರುವಿ ಕೆಳಗಿಳಿಸಿದ. ಮೂವತ್ತಡಿ ಎತ್ತರದ ಆಂಟೆನಾ ತಲೆಮಟ್ಟಕ್ಕೆ ಬಂತು. ಹಳೆ ಕೇಬಲ್ಲನ್ನು ಪೂರ್ತಿ ಕಿತ್ತು ಹಾಕಿ, ಹುಬ್ಬಳ್ಳಿಯಿಂದ ತಂದು ಜೋಪಾನ ಮಾಡಿದ್ದ ಹೊಸ ಸುರುಳಿ ಬಿಚ್ಚಿದ.

ಈಗ ಅವನ ಕೆಲಸ ನೋಡಬೇಕಿತ್ತು ನೀವು. ಮಿಲ್ಲಿನ ಗ್ರೀಸು ಹತ್ತಿದ ದಪ್ಪ ಬೆರಳುಗಳು, ಆದರೆ ಕೇಬಲ್ಲು ಮುಟ್ಟಿದಾಗ ಬಾಣಂತಿ ಕೋಣೆಯ ಸೂಲಗಿತ್ತಿಯ ಬೆರಳುಗಳಾಗುತ್ತಿದ್ದವು. ಎಲ್ಲೂ ಚೂಪಾಗಿ ಮುರಿಯದಂತೆ, ಪ್ರತಿ ಬಾಗಿಗೂ ಊಟದ ಗಂಗಾಳದಷ್ಟು ಅಗಲ ಕೊಟ್ಟ. ಕೊಳವೆಯ ಅಂಚು ತಿಕ್ಕುವಲ್ಲಿ ಗಾಡಿಯ ರಬ್ಬರ್ ಪೈಪು ಸೀಳಿ ಹೊದಿಸಿದ. ಜೋಡಿನ ಮೇಲೆ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸುತ್ತಿದ. ಮಳೆ ಬಿದ್ದರೆ ನೀರು ಹೊರಗೇ ಜಾರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ ಸಡಿಲು. ತಿರುಗುವ ಆಂಟೆನಾಕ್ಕೆ ಒಂದು ಕಟ್ಟು, ತಿರುಗದ ಕಂಬಕ್ಕೆ ಒಂದು ಕಟ್ಟು, ಎರಡರ ನಡುವೆ ಎರಡು ಮೊಳ ಕೇಬಲ್ಲು ಕಂಬದ ಸುತ್ತ ಸುಮ್ಮನೆ ಸಡಿಲವಾಗಿ ಜೋತಾಡಬೇಕು. ಆಂಟೆನಾ ಒಂದು ಸುತ್ತು ಪೂರಾ ತಿರುಗಿದರೂ ಕೇಬಲ್ಲಿಗೆ ಜಗ್ಗಾಟ ಬರಬಾರದು. ಗೂಟದ ಸುತ್ತ ತಿರುಗಿ ತಿರುಗಿ ಹಗ್ಗ ಮುಗಿಸಿಕೊಂಡ ಎಮ್ಮೆಯ ಗತಿ ಬರಬಾರದು. ಆ ಸಡಿಲನ್ನು ಅವನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ. ನಾಲ್ಕನೇ ಸಲ ಹಿಂದೆ ಸರಿದು ನಿಂತು ನೋಡಿ, "ಆಹಾ!" ಎಂದ. ತನ್ನ ಕೆಲಸಕ್ಕೆ ತಾನೇ ಆಹಾ ಅನ್ನುವ ಗಂಡಸನ್ನು ನಾನು ಮೆಚ್ಚುತ್ತೇನೆ, ಅಷ್ಟು ಚೆನ್ನಾಗಿ ಮಾಡಿದ್ದರೆ.

"ತಮ್ಮಾ, ಇದೇನೋ ಇದು? ವೈರು ಜೋತು ಬಿದ್ದೈತೆಲ್ಲೋ!"

ಎದುರು ಮನೆಯ ಹನುಮಂತಪ್ಪನವರು ಬಂದಿದ್ದರು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಯಾಗಿ ಆರು ವರ್ಷವಾದರೂ ಸೊಂಟದಲ್ಲಿ ತಂತಿ ಮುರಿಯುವ ಪಕ್ಕಡ ಸಿಗಿಸಿಕೊಳ್ಳದೆ ಹೊಸ್ತಿಲು ದಾಟುತ್ತಿರಲಿಲ್ಲ. ಜೋತು ಬಿದ್ದ ತಂತಿ ಕಂಡರೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಓಣಿಯ ಹೆಂಗಸರು ಬಟ್ಟೆ ಒಣಹಾಕುವ ತಂತಿಗಳನ್ನೆಲ್ಲ ಅವರು ವೀಣೆಯ ತಂತಿಯಂತೆ ಬಿಗಿದುಕೊಟ್ಟಿದ್ದರು.

"ಅದು ಜೋತಽ ಬೀಳಬೇಕ್ರಿ ಹನುಮಂತಪ್ಪನವರ. ಮ್ಯಾಲಿಂದು ತಿರಗತೈತಿ. ಬಿಗಿ ಕಟ್ಟಿದ್ರ ಹರಕೊಂಡು ಹೋಗತೈತಿ."

"ಹಾನಗಲ್ಲಿಂದ ಆಡೂರ ತನಕ ನಾ ಹತ್ತದ ಕಂಬ ಇಲ್ಲ. ಎಲ್ಲೆರ ಒಂದ ವೈರು ಜೋತು ಬಿಟ್ಟು ಇಳದೇನೇನು?"

"ಇಲ್ಲರಿ."

"ಮತ್ತ?"

ಹನುಮಂತಪ್ಪನವರು ಆ ಸಡಿಲು ಕೇಬಲ್ಲನ್ನು ಒಂದು ಬೆರಳಿನಿಂದ ಅಲ್ಲಾಡಿಸಿ ನೋಡಿ, ಬಾಯಿ ಚಪ್ಪರಿಸಿ, ಬೇಸರದಿಂದ ಇಳಿದು ಹೋದರು.

ಅಷ್ಟರಲ್ಲಿ ಪಕ್ಕದ ಮಾಳಿಗೆಯಿಂದ ಕುಲಸುಮಬಿ ಇಣುಕಿದಳು. ಬಟ್ಟೆ ಹೊಲಿಯುವ ಕುಲಸುಮಬಿಯ ಮಷಿನ್ನಿನ ಸಪ್ಪಳವೇ ಆ ಓಣಿಯ ಗಡಿಯಾರ. "ಅಣ್ಣಾರ, ಅಳಿಲು ಕಡದೈತಂತಲ್ರಿ? ಹೊಸಾದನ್ನೂ ಕಡದ್ರ?"

"ಅದಽ ಚಿಂತಿ ನೋಡ್ ತಂಗಿ."

"ಹಳೀ ಛತ್ರಿ ಅರಬಿ ಬೇಕಾದಷ್ಟ ಬಿದ್ದೈತಿ ನನ್ನ ಹಂತ್ಯಾಕ. ಸಲವಾರ ಕಾಲಿನ್ಹಂಗ ಒಂದ ಚೀಲಾ ಹೊಲದ ಕೊಡ್ತೇನಿ. ಮ್ಯಾಲೊಂದು ಲಾಡಿ, ಕೆಳಗೊಂದು ಲಾಡಿ. ಅಳಿಲ ಅಲ್ಲ, ಅದರ ಅಪ್ಪ ಬಂದ್ರೂ ಹಲ್ಲ ಹತ್ತಂಗಿಲ್ಲ. ಬಿಸಿಲೂ ತಾಗಂಗಿಲ್ಲ."

ಪರಮೇಶಪ್ಪನ ಕಣ್ಣು ತುಂಬಿ ಬಂತು. ಹದಿನಾಲ್ಕು ವರ್ಷದಲ್ಲಿ ಅವನ ಕೇಬಲ್ಲಿಗೆ ಬಿಸಿಲು ತಾಗೀತು ಎಂದು ಚಿಂತಿಸಿದ ಮೊದಲ ಜೀವ ಆಕೆ.

ಹೊತ್ತು ನೆತ್ತಿಗೇರುವ ಮುನ್ನ ಕಂಬ ಏರಿಸಿಬಿಡಬೇಕು ಎಂದು ಅವನು ಗಿರಕಿಗೆ ಕೈ ಹಾಕಿದ. ಅದೇ ಹೊತ್ತಿಗೆ ಸುಶೀಲವ್ವ ಹಸಿ ಶ್ಯಾವಿಗೆಯ ಬುಟ್ಟಿ ಹೊತ್ತು ಬಂದರು. ಬೀಗರು ಬರುವವರಿದ್ದರು, ಶ್ಯಾವಿಗೆ ಹೊಸೆದಾಗಿತ್ತು. ಅದನ್ನು ಒಣಗಲು ತೂಗುಹಾಕುವ ಕೋಲುಗಳನ್ನು ಮಾತ್ರ ಗೆದ್ದಲು ತಿಂದಿತ್ತು. ಸುಶೀಲವ್ವನ ಕಣ್ಣು ಮಾಳಿಗೆಯನ್ನೆಲ್ಲ ಹುಡುಕಿ, ತಲೆಮಟ್ಟದಲ್ಲಿ ಅಡ್ಡ ಚಾಚಿದ್ದ ಮೂರು ನುಣುಪು ಕೋಲುಗಳ ಮೇಲೆ ಬಂದು ನಿಂತಿತು.

"ಅಯ್ಯ, ದೇವರು ಕೊಟ್ಟಂಗ ಬಂತ ನೋಡ!"

"ಅವ್ವಾರ, ಅದು..."

"ಎರಡ ತಾಸಿನ ಮಾತೋ. ನಿನ್ನ ಕೋಲಿಗೇನ್ ಸವಕಳಿ ಬರತೈತಿ?"

ಕಂಬದ ಅಳಿವು ಉಳಿವು ಯಾರ ಕೈಯಲ್ಲಿದೆಯೋ ಅವರ ಶ್ಯಾವಿಗೆಗೆ ಬೇಡ ಅನ್ನುವುದು ಹೇಗೆ? ಕಾಲು ತಾಸಿನಲ್ಲಿ ಆಂಟೆನಾದ ಮೂರೂ ಕೋಲಿಗೆ ಬಿಳಿ ಗಡ್ಡ ಬಂದಿತ್ತು.

ಅಲ್ಲಿಗೂ ಮುಗಿಯಲಿಲ್ಲ. ಪಕ್ಕದ ಹಿತ್ತಲಿನ ಬೇವಿನ ಮರದ ನೆರಳು ಒಂದು ಕೋಲಿನ ಮೇಲೆ ಬಿತ್ತು. "ಪರಮೇಶಪ್ಪ, ಇದು ತಿರಗತೈತಿ ಅಂತಿದ್ದೆಲ್ಲ. ತುಸು ತಿರಗಸಪ ನೋಡೂಣು," ಎಂದರು ಸುಶೀಲವ್ವ. ಪರಮೇಶಪ್ಪ ಕೆಳಗೆ ಓಡಿದ. ಗುಂಡಿ ಒತ್ತಿದ. ಮೇಲಿನಿಂದ ಕೂಗು ಕೇಳಿತು. "ಇನ್ನಷ್ಟ! ಇನ್ನಷ್ಟ! ಸಾಕ, ಸಾಕ! ಅಯ್ಯ, ಹೆಚ್ಚಾತು, ಹಿಂದ ತಾ!" ನೆರಳು ಸರಿದಂತೆಲ್ಲ ಅವನು ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ಬೆವರು ಒರೆಸಿಕೊಂಡು ಶ್ಯಾವಿಗೆಯನ್ನು ಬಿಸಿಲಿಗೆ ಹಿಡಿದ. ಸುದ್ದಿ ಹಬ್ಬಿ ಓಣಿಯ ಹೆಂಗಸರೆಲ್ಲ ಮಾಳಿಗೆಗೆ ಬಂದರು. ನೆರಳು ತಪ್ಪಿಸಿಕೊಂಡು ತಾನೇ ತಿರುಗುವ ಶ್ಯಾವಿಗೆಯನ್ನು ಅವರು ಕಂಡದ್ದು ಅದೇ ಮೊದಲು. "ಎಂಥಾ ಯಂತ್ರರೀ ಯವ್ವಾ! ಇಷ್ಟ ದಿನಾ ಇದರ ಗುಣಾನ ಗೊತ್ತಿರಲಿಲ್ಲ ನಮಗ," ಎಂದು ಗಲ್ಲಕ್ಕೆ ಕೈ ಹಚ್ಚಿ ನಿಂತರು.

ಪರಮೇಶಪ್ಪನಿಗೆ ಒಳಗೊಳಗೆ ಹಿಗ್ಗೇ ಆಯಿತು. ಪ್ರತಿ ಸಲ ಮೇಲೆ ಬಂದಾಗ ಅವನು ನೋಡುತ್ತಿದ್ದದ್ದು ಶ್ಯಾವಿಗೆಯನ್ನಲ್ಲ, ಕೇಬಲ್ಲನ್ನು. ಇಪ್ಪತ್ತು ಸಲ ಆ ಕಡೆ, ಇಪ್ಪತ್ತು ಸಲ ಈ ಕಡೆ ತಿರುಗಿದರೂ ಆ ಸಡಿಲು ಸುತ್ತು ತೆರೆದು ಮುಚ್ಚಿ, ತೆರೆದು ಮುಚ್ಚಿ, ಒಂದು ಕಡೆಯೂ ತಿಕ್ಕಲಿಲ್ಲ, ಜಗ್ಗಲಿಲ್ಲ. ಪುಣ್ಯಕ್ಕೆ ಪರೀಕ್ಷೆ ಮುಗಿದಂತಾಯಿತು ಎಂದುಕೊಂಡ.

ಮೂರು ಗಂಟೆಗೆ ದಿನದ ಪದ್ಧತಿಯಂತೆ ಕರೆಂಟು ಹೋಯಿತು. ಬೇಸಿಗೆಯಲ್ಲಿ ಮೂರಕ್ಕೆ ಹೋದ ಕರೆಂಟು ಆರಕ್ಕೇ ಬರುವುದು. ಆಗ ಆಂಟೆನಾ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ಇರಲಿ, ಆರಕ್ಕೆ ಕರೆಂಟು ಬಂದ ಮೇಲೆ ದಕ್ಷಿಣಕ್ಕೆ ತಿರುಗಿಸಿದರಾಯಿತು, ರೇಡಿಯೋ ಹೇಗೂ ಬ್ಯಾಟರಿ ಮೇಲೆ ನಡೆಯುತ್ತದೆ ಎಂದು ಪರಮೇಶಪ್ಪ ಲೆಕ್ಕ ಹಾಕಿದ. ಕೆಳಗಿನಿಂದ ನಾಗರತ್ನಾ ಮೂರನೇ ಸಲ ಕೂಗಿದಳು. "ಉಣ್ಣಾಕ ಬರ್ತೀರೋ, ಅಲ್ಲೇ ಶ್ಯಾವಿಗಿ ತಿಂತೀರೋ?"

ರೊಟ್ಟಿ ಪುಂಡಿಪಲ್ಯ ಉಂಡು, ಕೇಬಲ್ಲಿನ ಕೆಳತುದಿಗೆ ಪಿನ್ನು ಬೆಸೆಯಲು ಕೂತ. ಕರೆಂಟಿಲ್ಲದ್ದಕ್ಕೆ ಬೆಸುಗೆಯ ಕಬ್ಬಿಣವನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಬೇಕಾಯಿತು. "ಚಹಾ ಇಡಲೋ, ನಿಮ್ಮ ಕಬ್ಬಿಣ ಇಡಲೋ, ಒಂದ ಹೇಳ್ರಿ," ಎಂದಳು ನಾಗರತ್ನಾ. ಆದರೂ ಬೆಸುಗೆ ಮುಗಿಯುವ ತನಕ ಅವಳೇ ಸೆರಗಿನಿಂದ ಗಾಳಿ ಬೀಸುತ್ತ ಕೂತಳು.

ಇತ್ತ ಮಾಳಿಗೆಯ ಮೇಲೆ ಏನಾಯಿತು ಅನ್ನುವುದನ್ನು ಹೇಳಿಬಿಡುತ್ತೇನೆ, ಪರಮೇಶಪ್ಪನಿಗೆ ಮಾತ್ರ ಹೇಳಬೇಡಿ. ಸುಶೀಲವ್ವ ಒಣಗಿದ ಶ್ಯಾವಿಗೆ ಬಿಡಿಸಿಕೊಂಡು ಹೋದರು. ಹನುಮಂತಪ್ಪನವರು ಮಧ್ಯಾಹ್ನದ ನಿದ್ದೆ ಬಾರದೆ ಎದ್ದು ಬಂದರು. ಕಣ್ಣು ಮುಚ್ಚಿದರೆ ಆ ಜೋತು ಬಿದ್ದ ವೈರೇ ಕಾಣುತ್ತಿತ್ತಂತೆ. 'ಪಾಪ, ಹುಡುಗನಿಗೆ ಇವತ್ತ ದೊಡ್ಡ ಕೆಲಸ ಐತಿ, ಅವಸರದಾಗ ಸಡಿಲು ಬಿಟ್ಟಾನ' ಎಂದು ಮರುಗಿ, ಸೊಂಟದ ಪಕ್ಕಡ ತೆಗೆದರು. ಎರಡು ಮೊಳ ಸಡಿಲನ್ನು ಎಳೆದು, ಕಂಬಕ್ಕೆ ಅಪ್ಪಿಸಿ, ಬೈಂಡಿಂಗ್ ತಂತಿಯಿಂದ ಒತ್ತಾಗಿ ಹದಿನೆಂಟು ಸುತ್ತು ಬಿಗಿದರು. ಆಂಟೆನಾ ಗಾಳಿಗೆ ಅಲ್ಲಾಡುವುದೂ ಕಣ್ಣಿಗೆ ಬಿತ್ತು. ಅದನ್ನೂ ಕಂಬಕ್ಕೆ ಸೇರಿಸಿ ನಾಲ್ಕು ಎಳೆ ತಂತಿ ಹಾಕಿ, ಮುರಿಗೆ ಹೊಡೆದು, ತುದಿ ಮಡಚಿ, ಯಾರಿಗೂ ಚುಚ್ಚದಂತೆ ಒಳಗೆ ಸೇರಿಸಿದರು. ಅಂಥ ಕಟ್ಟು ಈಗಿನ ಹುಡುಗರಿಗೆ ಬರುವುದಿಲ್ಲ. ಅದು ಮುಗಿಯುತ್ತಲೇ ಕುಲಸುಮಬಿ ಛತ್ರಿ ಅರಿವೆಯ ಚೀಲ ತಂದು ಎಲ್ಲದರ ಮೇಲೆ ತೊಡಿಸಿ, ಮೇಲೆ ಕೆಳಗೆ ಲಾಡಿ ಬಿಗಿದು, ಗಂಟು ಹಾಕಿ ಹೋದಳು.

ಐದಕ್ಕೆ ಪರಮೇಶಪ್ಪ ಮೇಲೆ ಬಂದಾಗ ಕಂಡದ್ದು ಆ ಚೀಲ. ಹೊಲಿಗೆಯನ್ನು ಹತ್ತಿರದಿಂದ ನೋಡಿದ. ಒಂದು ಸುಕ್ಕಿಲ್ಲ. ಒಳಗೆ ತನ್ನ ಸಡಿಲು ಸುತ್ತು ತೊಟ್ಟಿಲಿನ ಕೂಸಿನಂತೆ ಬೆಚ್ಚಗೆ ಮಲಗಿದೆ ಎಂದು ನಂಬಿ ಮೇಲೆ ಒಮ್ಮೆ ಕೈಯಾಡಿಸಿದ. ನಂತರ ಗಿರಕಿ ತಿರುವಿದ. ಕಂಬ ಏರಿತು.

ಆರೂ ಐದಕ್ಕೆ ಕರೆಂಟು ಬಂತು. ರೇಡಿಯೋ ಕೋಣೆಯಲ್ಲಿ ಪರಮೇಶಪ್ಪ ಕೂತ. ಬಾಗಿಲಲ್ಲಿ ಸುಶೀಲವ್ವ, ನಾಗರತ್ನಾ, ಕುಲಸುಮಬಿ, ಅವರ ಹಿಂದೆ ಹನುಮಂತಪ್ಪನವರು. ಕಂಬದ ಹಣೆಬರಹ ನೋಡಲು ಎಲ್ಲರೂ ಬಂದಿದ್ದರು. ಪರಮೇಶಪ್ಪ ದಕ್ಷಿಣದ ಗುಂಡಿ ಒತ್ತಿದ.

ಮೇಲಿನಿಂದ 'ಗುಂಯ್' ಎಂದು ಸದ್ದು ಬಂತು. ಗುಂಡಿಯ ಪಕ್ಕದ ದಿಕ್ಕು ತೋರಿಸುವ ಮುಳ್ಳು ಉತ್ತರದಿಂದ ಕದಲಲಿಲ್ಲ.

ಮೋಟಾರು ರಿಪೇರಿಯವನಿಗೆ, ಎಲ್ಲೋ ಸಿಕ್ಕಿ ತಿರುಗಲಾರದ ಮೋಟಾರಿನ ಆ ಸದ್ದಿನ ಅರ್ಥ ಯಾರೂ ಹೇಳಬೇಕಿರಲಿಲ್ಲ. ಕೈ ತೆಗೆದ. ಮತ್ತೊಮ್ಮೆ ಒತ್ತಿದ. 'ಗುಂಯ್.'

"ಯಾರರ ಮ್ಯಾಲ ಕೈ ಹಚ್ಚೀರೇನ್ರಿ?" ಎಂದ.

ಹನುಮಂತಪ್ಪನವರು ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದರು. ಮುಖದ ತುಂಬ ನಗು. "ಹೇಳಬಾರದು ಅಂತಿದ್ದೆ ತಮ್ಮಾ. ಆ ಜೋತು ಬಿದ್ದದ್ದನ್ನ ಬಿಗಿ ಮಾಡೇನಿ. ಮ್ಯಾಲಿಂದನ್ನೂ ಕಂಬಕ್ಕ ಕೂಡಿಸಿ ಬಿಗದೇನಿ. ಇನ್ನ ಬಿರುಗಾಳಿ ಬರವಲ್ದ್ಯಾಕ, ಮಿಸಗಾಡಂಗಿಲ್ಲ ಅದು!"

ಪರಮೇಶಪ್ಪನ ಎದೆ ಒಡೆಯಿತು. ಕಂಬ ಇಳಿಸಿ, ಬಿಚ್ಚಿ, ಮತ್ತೆ ಏರಿಸಲು ಒಂದು ತಾಸು ಬೇಕು. ಕಿಟಕಿಯ ಹೊರಗೆ ಹೊತ್ತು ಆಗಲೇ ಕೆಂಪಗಾಗಿತ್ತು. ಹದಿನಾಲ್ಕು ವರ್ಷ ಹೋಯಿತು, ಕಂಬ ಹೋಯಿತು, ಗೋಡೆಯ ಆ ಖಾಲಿ ಜಾಗ ಖಾಲಿಯೇ ಉಳಿಯಿತು. ಬೈಯಬೇಕು ಅನ್ನಿಸಿತು. ಆ ಮುದುಕನ ನಗು ನೋಡಿ ಬಾಯಿ ಬರಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತ.

ನಾಗರತ್ನಾ ಹತ್ತಿರ ಬಂದಳು. ಕಸ ಗುಡಿಸಲು ಬಿಟ್ಟರೆ ಆ ಕೋಣೆಗೆ ಕಾಲಿಡದವಳು ಗಂಡನ ಹೆಗಲ ಮೇಲೆ ಕೈಯಿಟ್ಟಳು. "ಹೆಂಗೂ ಕುಂತೀರಿ. ಹಚ್ಚರಿ ಅದನ್ನ. ಕೇಳೂದ್ರಾಗ ಏನ್ ಹೋಗತೈತಿ?"

ಅವನು ಮನಸ್ಸಿಲ್ಲದೆ ರೇಡಿಯೋ ಹಚ್ಚಿದ. ಸ್ಪೀಕರಿನಲ್ಲಿ ಬರೀ ಸೊರ್ರ್ ಎಂಬ ಸದ್ದು. ಒಂದು ನಿಮಿಷ, ಎರಡು ನಿಮಿಷ. ಸುಶೀಲವ್ವ ದೀಪ ಹಚ್ಚಲು ಹೊರಡುವವರಂತೆ ಸೆರಗು ಸರಿಮಾಡಿಕೊಂಡರು.

ಆಗ ಆ ಸದ್ದಿನ ತಳದಿಂದ ಒಂದು ಗಂಡು ದನಿ ಎದ್ದು ಬಂತು. ಮೊದಲು ಬಾವಿಯೊಳಗಿನಿಂದ ಬಂದಂತೆ, ಆಮೇಲೆ ಪಡಸಾಲೆಯಿಂದ ಬಂದಂತೆ. ಪರಮೇಶಪ್ಪ ಕುರ್ಚಿಯಿಂದ ಅರ್ಧ ಎದ್ದ. ಅದೇ ನಡುಗಡ್ಡೆ! ಆಂಟೆನಾದ ಬೆನ್ನು ಅತ್ತ ಇದೆ, ದನಿ ಮಾತ್ರ ಎದುರಿಗೆ ಕೂತವನದಂತೆ ಬರುತ್ತಿದೆ!

ಅವನು ತನ್ನ ಕರೆಗುರುತು, ಅಂದರೆ ಲೈಸೆನ್ಸಿನ ಜೊತೆ ಕೊಟ್ಟ ಅಕ್ಷರ ಅಂಕೆಗಳ ಹೆಸರು, ಹೇಳಿದ. ನಡುಗಡ್ಡೆಯವರು ಬೇರೆ ಯಾರನ್ನೋ ಕರೆದರು. ಮತ್ತೆ ಹೇಳಿದ. ಮತ್ತೆ ಬೇರೆ ಯಾರೋ. ಮೂರನೇ ಸಲ ಹೇಳುವಾಗ ನಾಗರತ್ನಾಳ ಉಗುರು ಅವನ ಹೆಗಲಿಗೆ ಊರಿತ್ತು. ಆಗ ಸಮುದ್ರದಾಚೆಯ ಆ ಮನುಷ್ಯ ಪರಮೇಶಪ್ಪನ ಕರೆಗುರುತನ್ನು ಒಂದಕ್ಷರ ತಪ್ಪದೆ ಹೇಳಿ, "ಫೈವ್ ನೈನ್, ಇಂಡಿಯಾ, ವೆರಿ ಗುಡ್ ಸಿಗ್ನಲ್," ಎಂದ.

"ಏನಂದ? ಏನಂದೋ ಅಂವ?" ಎಂದರು ಸುಶೀಲವ್ವ.

"ಕೇಳಿಸ್ತು ಅಂದ್ರಿ! ಬಾಳ ಛಲೋ ಕೇಳಿಸ್ತು ಅಂದ್ರಿ ಅವ್ವಾರ! ನೂರಾತ್ರಿ!"

ಕೋಣೆಯಲ್ಲಿ ಜಾತ್ರೆಯ ಗದ್ದಲ. ಕುಲಸುಮಬಿ ಚಪ್ಪಾಳೆ ತಟ್ಟಿದಳು. ನಾಗರತ್ನಾ ಸಕ್ಕರೆ ಡಬ್ಬಿ ತಂದು ಎಲ್ಲರ ಬಾಯಿಗೂ ಹಾಕಿದಳು. ಸುಶೀಲವ್ವ ಬಾಯ್ತುಂಬ ಸಕ್ಕರೆ ಇಟ್ಟುಕೊಂಡೇ, "ಬೆನ್ನ ಹಾಕಿ ನಿಂತ್ರೂ ಹೆಂಗ ಕೇಳಿಸ್ತೋ?" ಎಂದು ಕೇಳಿದರು.

ಆನಂದದಲ್ಲಿ ಮನುಷ್ಯ ಬಾಯಿ ಬಿಗಿ ಹಿಡಿಯುವುದಿಲ್ಲ. ಪರಮೇಶಪ್ಪ ಅಡುಗೆಮನೆಯಿಂದ ಒಂದು ತೆಂಗಿನಕಾಯಿ ತಂದು ಎತ್ತಿ ಹಿಡಿದ. "ನೋಡ್ರಿ, ಇದು ಭೂಮಿ. ನೆತ್ತಿ ಮ್ಯಾಲ ನಾವದೇವಿ. ಆ ನಡುಗಡ್ಡಿ ನಮ್ಮ ಪಾದದ ನೆಟ್ಟಗ ಕೆಳಗ ಐತಿ ಅಂತ ತಿಳೀರಿ. ಎಲ್ಲಾರೂ ದಕ್ಷಿಣದಿಂದ ಹೊಕ್ಕಾರ. ನನ್ನ ಮಾತು ಉತ್ತರದಿಂದ ಸುತ್ತ ಹೊಡದು ಹೋತು. ಭೂಮಿ ದುಂಡಗ ಐತೆಲ್ರಿ! ಇತ್ತಾಗಿಂದ ಹೋದ್ರೂ ಅಲ್ಲೇ, ಅತ್ತಾಗಿಂದ ಹೋದ್ರೂ ಅಲ್ಲೇ!"

ಎಲ್ಲರೂ ತೆಂಗಿನಕಾಯಿಯನ್ನು ಮೆಚ್ಚುಗೆಯಿಂದ ನೋಡಿದರು. ಹನುಮಂತಪ್ಪನವರು ಮಾತ್ರ ಮೂಲೆಯಲ್ಲಿ ಗೋಡೆಗೆ ಆತು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು.

"ಮೂವತ್ನಾಕು ವರ್ಷ, ತಮ್ಮಾ," ಎಂದರು. "ಕರೆಂಟ್ ಹೋದಾಗ ಎಲ್ಲಾರೂ ಬೈಯಾಕ ಬಂದ್ರು. ಮಳಿಯಾಗ ಕಂಬ ಹತ್ತಿ ಜೋಡಿಸಿ ಇಳದ ಮ್ಯಾಲ, ಛಲೋ ಆತ್ ನೋಡ್ ಹನುಮಂತಪ್ಪ ಅಂತ ಯಾರೂ ಬಂದು ಅನ್ನಲಿಲ್ಲ. ಇವತ್ತ ನೋಡು, ನಾ ಬಿಗದ ವೈರಿನ್ಯಾಗ, ಭೂಮಿ ಆಚೀಕಡಿಂದ ಒಬ್ಬಾಂವ ಬಾಳ ಛಲೋ ಅಂದ."

ಪರಮೇಶಪ್ಪನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಕಟ್ಟು ಇಲ್ಲದಿದ್ದರೆ ತಾನೂ ದಕ್ಷಿಣಕ್ಕೆ ತಿರುಗಿ, ಅಲ್ಲಿಯ ನೂಕುನುಗ್ಗಲಿನಲ್ಲಿ ಕೂಗಿ ಕೂಗಿ ಸಾಯುತ್ತಿದ್ದೆ ಅನ್ನುವುದೂ ಸುಳ್ಳಾಗಿರಲಿಲ್ಲ. ಅವನು ಎದ್ದು ಹೋಗಿ ಹಿರಿಯನ ಕೈ ಹಿಡಿದ.

"ನಿಮ್ಮ ಕೈಗುಣರೀ ಹನುಮಂತಪ್ಪನವರ. ನೀವು ಬಿಗಿ ಕಟ್ಟಿದ್ದಕ್ಕಽ ಇದು ಆತು," ಎಂದ. ಮನಸ್ಸಿನಿಂದಲೇ ಅಂದ. ಎಲ್ಲರ ಮುಂದೆ, ಗಟ್ಟಿಯಾಗಿಯೇ ಅಂದ.

ಸುಶೀಲವ್ವ ಗಂಟಲು ಸರಿಮಾಡಿಕೊಂಡರು. "ನಾ ಮಾತ ಕೊಟ್ಟೇನಿ. ಕಂಬ ಇರಲಿ. ಟಾಕಿ ಆ ಮೂಲಿಗೆ ಇಡಸ್ತೇನಿ."

"ದೊಡ್ಡವರಾದ್ರಿ ಅವ್ವಾರ!"

"ಆದ್ರ ಒಂದ ಮಾತು. ಹನುಮಂತಪ್ಪ ಬಿಗದ ಕಟ್ಟನ್ನ ಯಾರೂ ಮುಟ್ಟಂಗಿಲ್ಲ. ಹದಿನಾಕು ವರ್ಷ ಸಡಿಲು ಬಿಟ್ಟು ಆಗದ್ದು ಒಂದ ದಿನ ಬಿಗದದ್ದಕ್ಕ ಆತು. ನೀನಽ ಅಂದಿ."

ಪರಮೇಶಪ್ಪನ ಬಾಯೊಳಗಿನ ಸಕ್ಕರೆ ಹಾಗೇ ನಿಂತಿತು. "ಅವ್ವಾರ, ಅದನ್ನ ಬಿಚ್ಚದಿದ್ರ ತಿರಗಂಗಿಲ್ಲರಿ. ಉತ್ತರ ಬಿಟ್ಟು ಉಳದ ಕಡೀದು..."

"ಇತ್ತಾಗಿಂದ ಹೋದ್ರೂ ಅಲ್ಲೇ, ಅತ್ತಾಗಿಂದ ಹೋದ್ರೂ ಅಲ್ಲೇ ಅಂತ ಈಗ ಕಾಯಿ ಹಿಡದು ತೋರಿಸಿದೆಲ್ಲೋ! ಸುತ್ತ ಹೊಡಕೊಂಡು ಬರ್ಲಿ. ನಿನಗೇನ್ ಅಷ್ಟ ಅವಸರ?"

ಸುಶೀಲವ್ವ ಒಂದು ಸಲ ಆಡಿದ್ದರು. ಇನ್ನೊಂದು ಸಲ ಆಡುವ ಪದ್ಧತಿ ಇರಲಿಲ್ಲ. ಪರಮೇಶಪ್ಪ ಕುಲಸುಮಬಿಯತ್ತ ನೋಡಿದ. ಆಕೆ ಮಳೆಗಾಲಕ್ಕೆ ಆ ಚೀಲದ ಮೇಲೆ ಇನ್ನೊಂದು ಚೀಲ ಹೊಲಿದು ಕೊಡುವೆನೆಂದಳು. ಹನುಮಂತಪ್ಪನವರತ್ತ ನೋಡಿದ. ಆರು ವರ್ಷದಿಂದ ಬಾಗಿದ್ದ ಅವರ ಬೆನ್ನು ನೆಟ್ಟಗಾಗಿತ್ತು.

"ನೀ ಚಿಂತಿ ಮಾಡಬ್ಯಾಡ ತಮ್ಮಾ. ನನಗೂ ಮನ್ಯಾಗ ಕೆಲಸ ಇಲ್ಲ. ದಿನಾ ಮುಂಜಾನಿ ಸಂಜೀಕ ಬಂದು ಕಂಬ ಇಳಿಸಿ ನೋಡ್ತೇನಿ. ಒಂದ ಎಳಿ ಸಡಿಲಾದ್ರೂ ಅಲ್ಲೇ ಬಿಗಿ ಮಾಡಿ ಏರಸ್ತೇನಿ," ಎಂದರು ಅವರು.

ಆ ಮುಖ ನೋಡಿ ಬೇಡ ಅನ್ನಲು ಕಲ್ಲಿನ ಎದೆ ಬೇಕು. ಪರಮೇಶಪ್ಪನ ಎದೆ ಕಲ್ಲಿನದಾಗಿರಲಿಲ್ಲ. "ಆಗಲಿರಿ," ಎಂದ.

ಎಲ್ಲರೂ ಹೋದ ಮೇಲೆ ನಾಗರತ್ನಾ ಚಹಾ ತಂದು ಅವನ ಮುಂದಿಟ್ಟಳು. ಗಂಡನ ಈ ಆಟದಲ್ಲಿ ಇವತ್ತು ಅವಳಿಗೂ ರುಚಿ ಹತ್ತಿತ್ತು. "ಇನ್ನ ನೂರಾ ಒಂದನೇದು ಯಾವ ಕಡಿ ಐತ್ರಿ?" ಎಂದಳು.

"ಉತ್ತರಕ್ಕ."

"ಅದಾದ ಮ್ಯಾಲಿಂದು?"

ಮಾಳಿಗೆಯ ಮೇಲೆ ಹೆಜ್ಜೆಯ ಸದ್ದಾಯಿತು. ಗಿರಕಿ ಕಿರ್ ಎಂದಿತು. ಹನುಮಂತಪ್ಪನವರು ಇವತ್ತಿನಿಂದಲೇ ಶುರು ಮಾಡಿದ್ದರು.

"ಅದೂ ಉತ್ತರಕ್ಕ," ಎಂದ ಪರಮೇಶಪ್ಪ.